ಸಿಹಿ ಬಿಟ್ಟರೂ ಶುಗರ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನನಗೆ 44 ವರ್ಷ. ಅಂಗಡಿಯಲ್ಲಿ ಕೂತು ಮಾಡುವ ಕೆಲಸ. ತೂಕ 66 ಕೆ.ಜಿ., ದಪ್ಪ ಅಂತ ಯಾರೂ ಹೇಳುವುದಿಲ್ಲ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ. ಖಾಲಿ ಹೊಟ್ಟೆಯ ಶುಗರ್ 116, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 240. ಆರು ತಿಂಗಳಿಂದ ಸಿಹಿ ಮುಟ್ಟಿಲ್ಲ. ಆದರೂ ಡಾಕ್ಟರು ‘ಎಣ್ಣೆ, ಬೆಣ್ಣೆ ಕಡಿಮೆ ಮಾಡಿ, ಹೊಟ್ಟೆ ಇಳಿಸಿ’ ಅನ್ನುತ್ತಾರೆ. ಎಣ್ಣೆಯಲ್ಲಿ ಸಕ್ಕರೆಯೇ ಇಲ್ಲ, ಅಲ್ವಾ? ಅದಕ್ಕೂ ಶುಗರ್‌ಗೂ ಏನು ಸಂಬಂಧ?
– ಓದುಗರು, ದಾವಣಗೆರೆ

ಉತ್ತರ: ಎಣ್ಣೆಯಲ್ಲಿ ಸಕ್ಕರೆ ಇಲ್ಲ, ನಿಜ. ಆದರೆ ರಕ್ತದಲ್ಲಿರುವ ಸಕ್ಕರೆ ಸ್ನಾಯುವಿನ ಒಳಗೆ ಹೋಗಬೇಕಾದರೆ ಸ್ನಾಯು ಇನ್ಸುಲಿನ್ ಮಾತು ಕೇಳಬೇಕು. ಕೊಬ್ಬು ತುಂಬಿಕೊಂಡ ಸ್ನಾಯು ಕೇಳುವುದಿಲ್ಲ. ಇನ್ಸುಲಿನ್ ಪ್ರತಿರೋಧ ಅನ್ನುವುದು ಇದಕ್ಕೇ.

1963ರಲ್ಲಿ ಕೇಂಬ್ರಿಡ್ಜ್‌ನ ಫಿಲಿಪ್ ರ‍್ಯಾಂಡಲ್ ಮತ್ತು ಜೊತೆಗಾರರು ಇಲಿಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿ ಒಂದು ಮಾತು ಹೇಳಿದರು: ಕೊಬ್ಬಿನಾಮ್ಲ (ಕೊಬ್ಬು ಒಡೆದಾಗ ಬರುವ ಅಂಶ) ಧಾರಾಳವಾಗಿ ಸಿಕ್ಕರೆ ಸ್ನಾಯು ಅದನ್ನೇ ಉರಿಸುತ್ತದೆ, ಸಕ್ಕರೆ ಉರಿಸುವುದನ್ನು ಕಡಿಮೆ ಮಾಡುತ್ತದೆ. ಮನುಷ್ಯರಲ್ಲಿ ಏನಾಗುತ್ತದೆ? 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಯೇಲ್‌ನ ಜೆರಾಲ್ಡ್ ಶುಲ್ಮನ್ ಅವರ ತಂಡ ಆರೋಗ್ಯವಂತರಿಗೆ ಡ್ರಿಪ್‌ನಲ್ಲಿ ಕೊಬ್ಬು ಕೊಟ್ಟಿತು. ಸಕ್ಕರೆ ಕಾಯಿಲೆ ಇಲ್ಲದವರು ಅವರು, ಆದರೂ ಮೂರ್ನಾಲ್ಕು ಗಂಟೆಯಲ್ಲೇ ಅವರ ಸ್ನಾಯು ಸಕ್ಕರೆ ಎಳೆದುಕೊಳ್ಳುವುದು ತಗ್ಗಿತು! ರ‍್ಯಾಂಡಲ್ ಹೇಳಿದಂತೆ ಒಳಗೆ ಹೋದ ಸಕ್ಕರೆ ಉರಿಯದೆ ಉಳಿದಿದ್ದರೆ ಸ್ನಾಯುವಿನಲ್ಲಿ ಅದು ರಾಶಿ ಬೀಳಬೇಕಿತ್ತು. ಹಾಗಾಗಲಿಲ್ಲ, ಕಡಿಮೆಯೇ ಆಗಿತ್ತು. ಅಂದರೆ ಸಕ್ಕರೆ ಒಳಗೆ ಹೋಗುವುದಕ್ಕೇ ತಡೆ. ಜೀವಕೋಶದಲ್ಲಿ ಸೇರಿಕೊಳ್ಳುವ ಡೈಅಸೈಲ್‌ಗ್ಲಿಸರಾಲ್ ಎಂಬ ಕೊಬ್ಬು ಇನ್ಸುಲಿನ್ ಸಂದೇಶವನ್ನು ದಾರಿಯಲ್ಲೇ ಕೆಡಿಸುತ್ತದೆ ಎನ್ನುವುದು ಈ ತಂಡದ ವಿವರಣೆ. ಸೆರಮೈಡ್ ಎಂಬ ಇನ್ನೊಂದು ಕೊಬ್ಬೇ ಕಾರಣ ಅನ್ನುವವರೂ ಇದ್ದಾರೆ.

ನಿಮಗೆ ಯಾರೂ ಡ್ರಿಪ್ ಹಾಕಿಲ್ಲ. ಆ ಕೆಲಸವನ್ನು ಒಳಗಿನ ಬೊಜ್ಜೇ ಮಾಡುತ್ತಿರಬಹುದು. ಊಟ ಆದ ಮೇಲೆ ಇನ್ಸುಲಿನ್ ಏರುತ್ತದೆ, ಆಗ ಬೊಜ್ಜು ಕೊಬ್ಬಿನಾಮ್ಲ ಬಿಡುವುದನ್ನು ನಿಲ್ಲಿಸಬೇಕು. ಬೊಜ್ಜೂ ಇನ್ಸುಲಿನ್ ಮಾತು ಕೇಳದೆ ಹೋದರೆ ಕೊಬ್ಬಿನಾಮ್ಲ ಹಗಲು ರಾತ್ರಿ ರಕ್ತಕ್ಕೆ ಸೋರುತ್ತಲೇ ಇರುತ್ತದೆ, ಲಿವರ್‌ನಲ್ಲಿ ಕೂಡಿಕೊಳ್ಳುತ್ತದೆ, ಆ ಲಿವರ್ ನೀವು ಮಲಗಿರುವಾಗಲೂ ಬೇಡದ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ರಾತ್ರಿಯಿಡೀ ಏನೂ ತಿನ್ನದಿದ್ದರೂ ಬೆಳಗ್ಗೆ 116 ಬರುವುದು ಹೀಗೆ. ಲಿವರ್ ತನ್ನಲ್ಲಿ ಹೆಚ್ಚಾದ ಕೊಬ್ಬನ್ನು ರಕ್ತಕ್ಕೆ ಸಾಗಿಸುತ್ತದಲ್ಲ, ಅದೇ ನಿಮ್ಮ 240.

ದಪ್ಪ ಇಲ್ಲ ಅಂದಿರಿ. ಪುಣೆಯ ಡಾ. ಯಾಜ್ನಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಹಾಕಿದ್ದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ನಿಕ್ ಅವರಿಗೆ ಶೇ. 21.2. ನಮ್ಮವರಲ್ಲಿ ತೆಳ್ಳಗೆ ಕಂಡವರಿಗೂ ಒಳಗೆ ಕೊಬ್ಬು ಜಾಸ್ತಿ ಇರುತ್ತದೆ. ಅದಕ್ಕೇ ತೂಕಕ್ಕಿಂತ ಸೊಂಟದ ಸುತ್ತಳತೆ ನೋಡಿ ಅನ್ನುತ್ತೇನೆ.

ಇನ್ನು ಯಾವ ಎಣ್ಣೆ? 2001ರ ಒಂದು ಅಧ್ಯಯನದಲ್ಲಿ 162 ಆರೋಗ್ಯವಂತರನ್ನು ಎರಡು ಗುಂಪು ಮಾಡಿ ಮೂರು ತಿಂಗಳು ಬೇರೆ ಬೇರೆ ಕೊಬ್ಬು ಕೊಟ್ಟರು. ಬೆಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬು ತಿಂದವರಲ್ಲಿ ಇನ್ಸುಲಿನ್ ಕೆಲಸ ಮಾಡುವ ಶಕ್ತಿ ಸುಮಾರು ಶೇ. 10 ಕುಗ್ಗಿತು, ಆಲಿವ್ ಎಣ್ಣೆಯಂಥ ಕೊಬ್ಬು ತಿಂದವರಲ್ಲಿ ಕುಗ್ಗಲಿಲ್ಲ. ಆದರೆ ಒಟ್ಟು ಕೊಬ್ಬನ್ನೇ ಜಾಸ್ತಿ ತಿನ್ನುತ್ತಿದ್ದವರಿಗೆ ಎಣ್ಣೆ ಬದಲಿಸಿ ಲಾಭ ಆಗಲಿಲ್ಲ. ಹಾಗಾಗಿ ದುಬಾರಿ ಎಣ್ಣೆ ತಂದು ಸುಮ್ನೆ ಸುರಿಯಬೇಡಿ. ಮನೆಯ ಶೇಂಗಾ ಎಣ್ಣೆಯೇ ಸಾಕು, ಅಳತೆ ಇರಲಿ. ನಿಮ್ಮೂರಿನ ಬೆಣ್ಣೆ ದೋಸೆ ಯಾವಾಗಲೋ ಒಮ್ಮೆ ಆಗಲಿ, ವಾರಕ್ಕೆ ಮೂರು ಸಲ ಬೇಡ. ಅನ್ನವೂ ಕಡಿಮೆಯಾಗಲಿ, ಯಾಕೆಂದರೆ ಹೆಚ್ಚಾದ ಅನ್ನವನ್ನೂ ಲಿವರ್ ಕೊಬ್ಬು ಮಾಡಿಡುತ್ತದೆ.

ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ನಾಲ್ಕೈದು ಕೆ.ಜಿ. ಇಳಿದರೆ ಮೊದಲು ಕರಗುವುದರಲ್ಲಿ ಲಿವರ್‌ನ ಕೊಬ್ಬೂ ಒಂದು. ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ), ಟ್ರೈಗ್ಲಿಸರೈಡ್ ಎರಡನ್ನೂ ನೋಡಿಸಿ, ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಿ.