ರಾಯಚೂರು ಸೀಮೆಯಲ್ಲಿ ಆಗಸ್ಟ್ 15 ಆದಮೇಲೆ ಸೆಪ್ಟೆಂಬರ್ 17ಕ್ಕೂ ಧ್ವಜ ಏಕೆ?

ಮಂಡ್ಯದಿಂದ ಬಂದು ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಗೆ ಹೊಸದಾಗಿ ಸೇರಿದ್ದೀರಿ. ಆಗಸ್ಟ್ 15ರ ಜೊತೆ ಸೆಪ್ಟೆಂಬರ್ 17ರ ಕಾರ್ಯಕ್ರಮವೂ ನಿಮ್ಮ ಪಾಲಿಗೆ ಬಂದಿದೆ. ಸ್ವಾತಂತ್ರ್ಯ ಬಂದದ್ದು ಒಂದೇ ದಿನ ಅಲ್ಲವೇ, ಇಲ್ಲಿನ ಜನಕ್ಕೆ ಯಾವುದು ಮುಖ್ಯ, ಭಾಷಣದಲ್ಲಿ ಏನು ಹೇಳಬೇಕು, ಧ್ವಜ ಕಟ್ಟುವಾಗ ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ.

ಒಂದೇ ದಿನ ಬರಲಿಲ್ಲ. ನಕ್ಷೆಯಲ್ಲಿ ತುಂಗಭದ್ರೆಯ ಮೇಲೆ ಬೆರಳಿಟ್ಟು ನೋಡಿ. ದಕ್ಷಿಣದ ದಂಡೆಯ ಹೊಸಪೇಟೆ, ಸಿರುಗುಪ್ಪ, ಅದರಾಚೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಆ ಸೀಮೆಯನ್ನು 1800ರಲ್ಲಿ ಹೈದರಾಬಾದಿನ ದೊರೆ ನಿಜಾಮನೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ. ಉತ್ತರದ ದಂಡೆಯ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದವು. ಹಾಗಾಗಿ 1947ರ ಆಗಸ್ಟ್ 15ರಂದು ಹಂಪಿ ಸ್ವತಂತ್ರ ಭಾರತದಲ್ಲಿತ್ತು. ಹರಿಗೋಲು ಹತ್ತಿ ಹೊಳೆ ದಾಟಿ ಆನೆಗುಂದಿಗೆ ಹೋದರೆ ಅಲ್ಲಿ ಆಗಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಆಳ್ವಿಕೆ, ಅವನದೇ ಅಂಚೆ, ಅವನದೇ ನಾಣ್ಯ. ಆ ದಂಡೆಗೆ ಸ್ವಾತಂತ್ರ್ಯ ಬಂದದ್ದು ಇನ್ನೂ 399 ದಿನ ಕಳೆದು, 1948ರ ಸೆಪ್ಟೆಂಬರ್ 17ಕ್ಕೆ. ಮಕ್ಕಳಿಗೆ ಹೇಳುವುದನ್ನು ಇಲ್ಲಿಂದಲೇ ಶುರು ಮಾಡಿ. ಹೊಳೆ ಅವರೆಲ್ಲ ನೋಡಿದ್ದು, ತಕ್ಷಣ ತಲೆಗೆ ಹೋಗುತ್ತದೆ.

ನಡುವೆ ಏನಾಯಿತು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ನಿಜಾಮ ಭಾರತ ಒಕ್ಕೂಟಕ್ಕೆ ಸೇರಲಿಲ್ಲ. 1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಮರೆಯಲ್ಲಿ ನಿಜಾಮನ ಪರ ಆಯುಧ ಹಿಡಿದ ಖಾಸಗಿ ಪಡೆ, ಕಾಸಿಂ ರಜ್ವಿಯ ರಜಾಕಾರರ ಪಡೆ, ಬೆಳೆಯಿತು. ಇತ್ತ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹೋರಾಟಕ್ಕಿಳಿಯಿತು. ಸಂಸ್ಥಾನದ ಗಡಿಯಾಚೆ ಮುಂಡರಗಿ, ಗಜೇಂದ್ರಗಡದಂಥ ಊರುಗಳಲ್ಲಿ ಹೋರಾಟಗಾರರು ಶಿಬಿರ ಹೂಡಿದರು. ಮುಂಡರಗಿ ಶಿಬಿರವನ್ನು ನಡೆಸಿದವರು ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಆಮೇಲೆ ಈ ಭಾಗದಿಂದ ಲೋಕಸಭೆಗೂ ಹೋದರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹಲವು ದಿಕ್ಕಿನಿಂದ ಒಳಬಂತು, ಹೊಸಪೇಟೆ ಕಡೆಯಿಂದಲೂ ಬಂತು. 17ರ ಸಂಜೆ ನಿಜಾಮ ರೇಡಿಯೋದಲ್ಲಿ ಕದನ ನಿಲ್ಲಿಸಿದ್ದಾಗಿ ಹೇಳಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್, ಜನರಲ್ ಚೌಧುರಿಯವರಿಗೆ ಶರಣಾದ. ಇಲ್ಲಿನ ಹಿರಿಯರು ಇದನ್ನೆಲ್ಲ ಸೇರಿಸಿ 'ಪೋಲೀಸ್ ಆಕ್ಷನ್' ಅಂತಾರೆ.

ಈಗ ಯಾರಿಗೆ ಏನು ಅನ್ನುವ ಮಾತು. ನಿಮ್ಮ ಒಂದೇ ತರಗತಿಯಲ್ಲಿ ನಾಲ್ಕೈದು ಬಗೆಯ ಮನೆಗಳ ಮಕ್ಕಳು ಕೂತಿರುತ್ತಾರೆ.

ಹಳೇ ಊರಿನ ರೈತರ ಮನೆಗಳಲ್ಲಿ ಸೆಪ್ಟೆಂಬರ್ 17 ರಜಾಕಾರರ ಹಾವಳಿ ಮುಗಿದ ದಿನ. ಆದರೆ ಗೇಣಿಗೆ ಉಳುತ್ತಿದ್ದವನ ಬದುಕು ಆ ಒಂದೇ ದಿನಕ್ಕೆ ಬದಲಾಗಲಿಲ್ಲ. ಕೊಪ್ಪಳ, ಯಲಬುರ್ಗಾ ನಿಜಾಮನ ದಿವಾನರ ಮನೆತನದ ಸಾಲಾರ್ ಜಂಗನ ಜಾಗೀರು, ಅಂದರೆ ಕಂದಾಯ ಎತ್ತಿಕೊಳ್ಳಲು ಬಿಟ್ಟುಕೊಟ್ಟ ಸೀಮೆ. ಅಂಥ ಕಡೆ ಬದಲಾವಣೆ ಬಂದದ್ದು 1949ರ ಜಾಗೀರು ರದ್ದತಿ, 1950ರ ಗೇಣಿ ಕಾಯ್ದೆ ಬಂದಮೇಲೆ. ಬಿಟ್ಟಿ ಚಾಕರಿ ಮಾಡಿದ ಮನೆತನಗಳಿಗೆ ಧ್ವಜಕ್ಕಿಂತ ಆ ಕಾಗದಗಳೇ ದೊಡ್ಡವು. ಭಾಷಣಗಳಲ್ಲಿ ಇದು ಬರುವುದೇ ಇಲ್ಲ. ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮುಸ್ಲಿಂ ಮನೆಗಳಲ್ಲಿ ಅದೇ ತಾರೀಖಿಗೆ ಇನ್ನೊಂದು ನೆನಪಿದೆ. ಸೇನೆ ಬಂದಮೇಲಿನ ದಿನಗಳಲ್ಲಿ ಸಂಸ್ಥಾನದ ಹಲವು ಕಡೆ ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡಿನ ದಾಳಿಗಳಾದವು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಹೆಚ್ಚು ಅನಾಹುತ ಆಯಿತೆಂದು ಬರೆಯಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜಿಸಿತು. ಆ ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಹೈಸ್ಕೂಲ್ ಮಕ್ಕಳ ಮುಂದೆ ಈ ಅಂಕಿಗಳನ್ನು ಓದಿ ಎಂದು ಹೇಳುತ್ತಿಲ್ಲ. ಇದನ್ನು ತಿಳಿದುಕೊಂಡು ಮೈಕ್ ಹಿಡಿಯಿರಿ ಎನ್ನುತ್ತೇನೆ. ಆ ದಿನದ ಭಾಷಣಗಳು ಎಡವುವುದು ಇಲ್ಲೇ. ಮಾತಿನ ಭರದಲ್ಲಿ ರಜಾಕಾರರು ಎನ್ನುವ ಕಡೆ ಮುಸ್ಲಿಮರು ಎಂದುಬಿಡುತ್ತಾರೆ, ಮೂರನೇ ಸಾಲಿನಲ್ಲಿ ಕೂತ ಹುಡುಗಿ ತಲೆ ತಗ್ಗಿಸುತ್ತಾಳೆ. ಹೈದರಾಬಾದಿನ ಪತ್ರಕರ್ತ ಶೋಯಬುಲ್ಲಾ ಖಾನ್ ಹೆಸರನ್ನು ತಪ್ಪದೇ ಹೇಳಿ. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು 'ಇಮ್ರೋಜ್' ಪತ್ರಿಕೆಯಲ್ಲಿ ಬರೆದದ್ದಕ್ಕೆ ರಜಾಕಾರರು 1948ರ ಆಗಸ್ಟಿನಲ್ಲಿ ಅವರನ್ನು ಕೊಂದರು. ಈ ಒಂದು ಹೆಸರು ಹೇಳಿದರೆ, ನಿರಂಕುಶ ಆಳ್ವಿಕೆಯ ವಿರುದ್ಧ ನಡೆದ ಹೋರಾಟವನ್ನು ಮಕ್ಕಳು ಧರ್ಮದ ಜಗಳ ಎಂದು ತಿಳಿಯುವುದು ತಪ್ಪುತ್ತದೆ.

ಸಿಂಧನೂರಿನ ಕ್ಯಾಂಪುಗಳ ಲೆಕ್ಕವೇ ಬೇರೆ. ತುಂಗಭದ್ರಾ ಡ್ಯಾಮ್ ಕಟ್ಟಿ ಎಡದಂಡೆ ಕಾಲುವೆಗೆ ನೀರು ಬಿಟ್ಟಮೇಲೆ ಕರಾವಳಿ ಆಂಧ್ರದಿಂದ ಭತ್ತ ಬೆಳೆಯಲು ಬಂದವರ ಕ್ಯಾಂಪುಗಳಿವೆ. ಅವರ ಹಿರಿಯರು ಮದ್ರಾಸ್ ಪ್ರಾಂತ್ಯದವರು, ಹಾಗಾಗಿ ಸೆಪ್ಟೆಂಬರ್ 17 ಅವರ ಮನೆಮಾತಲ್ಲ. ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಇರುವವರು ಹೆಚ್ಚಾಗಿ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿ ಕುಟುಂಬಗಳು. 1947 ಅಂದರೆ ಅವರಿಗೆ ಮೊದಲು ನೆನಪಾಗುವುದು ದೇಶ ಒಡೆದದ್ದು, ಮನೆ ಹೋದದ್ದು. ಆ ಮಕ್ಕಳಿಗೆ ಬಂಗಾಲಿಯಲ್ಲಿ ಒಂದು ದೇಶಭಕ್ತಿ ಗೀತೆ ಹಾಡಲು ಅವಕಾಶ ಕೊಡಿ, ಖುಷಿಯಿಂದ ಹಾಡುತ್ತಾರೆ.

ಬಳ್ಳಾರಿಯವರು ಕಲ್ಯಾಣ ಕರ್ನಾಟಕದ ಪಟ್ಟಿಯಲ್ಲಿದ್ದಾರೆ, ಸೆಪ್ಟೆಂಬರ್ 17ರ ಉತ್ಸವ ಅಲ್ಲೂ ನಡೆಯುತ್ತದೆ, ಆದರೆ ಅವರ ಸ್ವಾತಂತ್ರ್ಯ ಆಗಸ್ಟ್ 15ರದ್ದೇ. ಅವರಿಗೆ ಕರುಳಿಗೆ ತಾಗುವ ಇನ್ನೊಂದು ದಿನ 1953ರ ಅಕ್ಟೋಬರ್ 1. ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋಗಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆ ಗದ್ದಲದಲ್ಲಿ, ಬಳ್ಳಾರಿ ಕನ್ನಡನಾಡಿಗೇ ಸೇರಬೇಕೆಂದು ನಿಂತ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಅದೇ ಜಿಲ್ಲೆಯ ಸಂಡೂರು ಘೋರ್ಪಡೆಯವರ ಪುಟ್ಟ ಸಂಸ್ಥಾನ. 1949ರ ಏಪ್ರಿಲ್ 1ರಂದು ಮದ್ರಾಸಿನಲ್ಲಿ ವಿಲೀನವಾಯಿತು.

ಇನ್ನು ಕೆಲಸಕ್ಕೆ ಹೋಗುವ ತಂದೆತಾಯಿಗಳು. ಕಾರ್ಖಾನೆ, ಮಿಲ್ಲುಗಳಲ್ಲಿ ಆಗಸ್ಟ್ 15 ಸಂಬಳ ಸಹಿತ ರಜೆ. ಅಂದು ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಇಲ್ಲವೇ ಕೂಲಿಯ ಜೊತೆ ಬದಲಿ ರಜೆ ಕೊಡಬೇಕೆಂದು 1963ರ ಕರ್ನಾಟಕ ರಜಾ ಕಾಯ್ದೆ ಹೇಳುತ್ತದೆ. ಪೀಸಿನ ಲೆಕ್ಕಕ್ಕೆ ಜೀನ್ಸ್ ಹೊಲಿಯುವವರಿಗೆ, ಭತ್ತದ ಗದ್ದೆಯ ಕೂಲಿಯವರಿಗೆ ರಜೆ ಎಂದರೆ ಒಂದು ದಿನದ ದುಡಿಮೆ ಇಲ್ಲ ಅಷ್ಟೇ. ಪೋಷಕರು ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಬೆಳಿಗ್ಗೆ ಬೇಗ ಇಟ್ಟರೆ ಕೂಲಿಗೆ ಹೋಗುವ ಮುಂಚೆ ಹತ್ತು ನಿಮಿಷ ನಿಂತು ಹೋಗುತ್ತಾರೆ. ಕಾಲೇಜು, ನೌಕರಿ ವಯಸ್ಸಿನವರಿಗೆ ಸೆಪ್ಟೆಂಬರ್ 17 ಎಂದರೆ ಸಂವಿಧಾನದ 371(ಜೆ) ವಿಧಿ. 98ನೇ ತಿದ್ದುಪಡಿಯಿಂದ ಈ ಸೀಮೆಯವರಿಗೆ ಓದು, ನೌಕರಿಯಲ್ಲಿ ಬಂದ ಮೀಸಲಾತಿ, ಅದರ ಸರ್ಟಿಫಿಕೇಟು. ಅದೂ ಸಣ್ಣ ಮಾತಲ್ಲ. ಈ ಸೀಮೆ ಹಿಂದುಳಿಯಲು ಇರುವ ಕಾರಣಗಳಲ್ಲಿ ಆ ಹಳೆಯ ಆಳ್ವಿಕೆಯೂ ಒಂದು.

ಇನ್ನು ಧ್ವಜ. ಶಾಲೆಯ ಕಂಬಕ್ಕೆ 900×600 ಮಿ.ಮೀ., ಅಂದರೆ ಮೂರಡಿಗೆ ಎರಡಡಿ, ಸಾಕು. ಕಂಬ ಎತ್ತರವಿದ್ದರೆ 1350×900. ಉದ್ದ ಅಗಲ 3:2 ಇರಬೇಕು, ಚಕ್ರಕ್ಕೆ 24 ಅರೆ (ಕಡ್ಡಿ). 900×600ರ ಧ್ವಜದಲ್ಲಿ ಚಕ್ರದ ಅಡ್ಡಳತೆ 185 ಮಿ.ಮೀ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಚಕ್ರ ಮೊಟ್ಟೆಯಂತೆ ಚಪ್ಪಟೆಯಾಗಿರುವುದುಂಟು, ಪಟ್ಟಿಗಳೂ ಸಮ ಇರುವುದಿಲ್ಲ. ಸ್ಕೇಲಿಟ್ಟು ನೋಡಿ ತನ್ನಿ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ಆದ ತಿದ್ದುಪಡಿಯಿಂದ ಪಾಲಿಸ್ಟರ್ ಕೂಡ ನಡೆಯುತ್ತದೆ, ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜವನ್ನೇ ತರಿಸಿ ಎನ್ನುತ್ತೇನೆ. ನಮ್ಮ ನೂಲುವವರ, ನೇಯುವವರ ಕೈಕೆಲಸ ಅದು. ಜುಲೈನಲ್ಲೇ ಹೇಳಿಡಬೇಕು, ಆಗಸ್ಟ್ ಮೊದಲ ವಾರದಲ್ಲಿ ಬೇಡಿಕೆ ವಿಪರೀತ.

ಕಟ್ಟುವ ಕ್ರಮ ಹೀಗೆ. ಹಿಂದಿನ ದಿನ ಕಂಬದ ತುದಿಯ ರಾಟೆಗೆ ಎಣ್ಣೆ ಬಿಡಿಸಿ. ಮಳೆಗೆ ತುಕ್ಕು ಹಿಡಿದ ರಾಟೆ ತಿರುಗದೆ ಹಗ್ಗ ಪಕ್ಕಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ಧ್ವಜದ ಕಂಬದ ಬದಿಯ ಅಂಚಿಗೆ ಹೊಲಿದ ಬಿಳಿ ಪಟ್ಟಿಯೊಳಗಿನ ಹಗ್ಗದ ಒಂದು ತುದಿಗೆ ಮರದ ಚಿಕ್ಕ ತುಂಡು ಇರುತ್ತದೆ, ಅದು ಕೇಸರಿಯ ಕಡೆ, ಅದೇ ಮೇಲೆ. ಅದನ್ನು ಕಂಬದ ಹಗ್ಗದ ಕುಣಿಕೆಗೆ ತೂರಿಸಿ. ಹಸಿರಿನ ಕಡೆಯ ಹಗ್ಗವನ್ನು ಕಂಬದ ಹಗ್ಗದ ಇನ್ನೊಂದು ತುದಿಗೆ ಗಟ್ಟಿಯಾಗಿ ಕಟ್ಟಿ. ಧ್ವಜವನ್ನು ಉದ್ದಕ್ಕೆ ಮಡಚಿ, ಒಂದು ಹಿಡಿ ಹೂವಿನ ಎಸಳು ಹಾಕಿ, ಹೊರ ಅಂಚಿನಿಂದ ಹೊಲಿದ ಆ ಬಿಳಿ ಪಟ್ಟಿಯ ಕಡೆಗೆ ಸುರುಳಿ ಸುತ್ತಿ. ರಾಷ್ಟ್ರೀಯ ಹಬ್ಬದಂದು ಎಸಳು ಇಡಲು ಧ್ವಜ ಸಂಹಿತೆ ಒಪ್ಪುತ್ತದೆ. ಚೆಂಡುಹೂವನ್ನು ಇಡಿಯಾಗಿ ಹಾಕಬೇಡಿ, ಎಸಳು ಬಿಡಿಸಿ ಒಣಗಿದ್ದನ್ನೇ ಹಾಕಿ. ಒದ್ದೆ ಎಸಳು ಬಟ್ಟೆಗೆ ಅಂಟಿ ಕೂರುತ್ತದೆ, ಹೆಚ್ಚಾದರೆ ಸುರುಳಿ ಉಬ್ಬಿ ಮೇಲೇರುವ ಮೊದಲೇ ಬಿಚ್ಚಿಕೊಳ್ಳುತ್ತದೆ.

ಕೆಡುವುದೆಲ್ಲ ಕೊನೆಯ ಗಂಟಿನಲ್ಲಿ. ಕೆಳಗಿನ ಹಗ್ಗವನ್ನು ಸುರುಳಿಗೆ ಎರಡು ಸುತ್ತು ಹಾಕಿ, ಆ ಹಗ್ಗವನ್ನು ಮಡಚಿ, ಮಡಿಕೆಯನ್ನಷ್ಟೇ ಸುತ್ತಿನ ಅಡಿಗೆ ತೂರಿಸಿ ಕಿವಿಯಂತೆ ಹೊರಗೆ ಬಿಡಿ. ಎಳೆದ ಕೂಡಲೇ ಆ ಕಿವಿ ಜಾರಿ ಧ್ವಜ ಅರಳುತ್ತದೆ. ಹಗ್ಗದ ತುದಿಯನ್ನೇ ತೂರಿಸಿಬಿಟ್ಟರೆ ಅದು ಪೂರ್ತಿ ಗಂಟಾಗುತ್ತದೆ, ಅತಿಥಿ ಎಳೆದಷ್ಟೂ ಬಿಗಿಯಾಗುತ್ತದೆ. ಹತ್ತಿ ಹಗ್ಗ ಮಳೆಗೆ ಉಬ್ಬಿ ಹಿಡಿದುಕೊಳ್ಳುತ್ತದೆ. ಮೋಡವಿದ್ದರೆ ಒಂದೇ ಸುತ್ತು ಸಾಕು. ನೈಲಾನ್ ಜಾರುತ್ತದೆ, ಅದಕ್ಕೆ ಎರಡು ಸುತ್ತು ಬೇಕು. ಹಿಂದಿನ ಸಂಜೆ ಮೂರು ಸಲ ಏರಿಸಿ ಬಿಚ್ಚಿ ನೋಡಿ. ಅತಿಥಿ ಎಳೆಯಬೇಕಾದ ಹಗ್ಗಕ್ಕೆ ಕೈಗೆಟಕುವ ಎತ್ತರದಲ್ಲಿ ಬಣ್ಣದ ದಾರ ಕಟ್ಟಿ, ಇಲ್ಲದಿದ್ದರೆ ಗಾಬರಿಯಲ್ಲಿ ಇನ್ನೊಂದನ್ನು ಎಳೆಯುತ್ತಾರೆ. ರಾಷ್ಟ್ರಗೀತೆ 52 ಸೆಕೆಂಡು, ನಾಡಗೀತೆ ಎರಡೂವರೆ ನಿಮಿಷ. ಇವಕ್ಕೂ ಹಿಂದಿನ ದಿನವೇ ಅಭ್ಯಾಸ ಬೇಕು.

ಸಂಜೆ ಧ್ವಜ ಇಳಿಸುವವರು ಯಾರು ಎಂದು ಬೆಳಿಗ್ಗೆಯೇ ಹೆಸರು ಬರೆದಿಡಿ. ಹನ್ನೊಂದಕ್ಕೆ ಎಲ್ಲರೂ ಮನೆಗೆ ಹೋಗಿಬಿಡುತ್ತಾರೆ, ಸೂರ್ಯ ಮುಳುಗುವ ಹೊತ್ತಿಗೆ ಶಾಲೆಯಲ್ಲಿ ಯಾರೂ ಇರುವುದಿಲ್ಲ. ಇಳಿಸುವುದು ನಿಧಾನ, ಏರಿಸುವುದು ಚುರುಕು. ಮಕ್ಕಳ ಕೈಯ ಪ್ಲಾಸ್ಟಿಕ್ ಧ್ವಜ ಬೇಡವೇ ಬೇಡ, ಕಾಗದದವನ್ನು ಕೊಟ್ಟರೂ ಗೇಟಿನಲ್ಲೇ ವಾಪಸ್ ತೆಗೆದುಕೊಳ್ಳಿ.

ನೂರು ಮಕ್ಕಳಿಗೆ ಶಿರಾ ಮಾಡಿಸುವುದಾದರೆ ಐದು ಕಿಲೋ ರವೆ, ಆರು ಕಿಲೋ ಸಕ್ಕರೆ, ಒಂದೂವರೆ ಕಿಲೋ ತುಪ್ಪ, ಹದಿಮೂರು ಲೀಟರ್ ನೀರು. ರವೆ ಪೂರ್ತಿ ಬೆಂದಮೇಲೆ ಸಕ್ಕರೆ ಹಾಕಿಸಿ, ಮೊದಲೇ ಹಾಕಿದರೆ ಕಾಳು ಬಿರುಸಾಗಿ ಉಳಿಯುತ್ತದೆ.

ಸೆಪ್ಟೆಂಬರ್ 17ಕ್ಕೆ ಎರಡು ಮಾತು. ಅಂದೇ ವಿಶ್ವಕರ್ಮ ಜಯಂತಿ, ಬಡಿಗೇರ, ಕಮ್ಮಾರ, ಪತ್ತಾರ ಮನೆಯ ಮಕ್ಕಳು ಅಲ್ಲಿಗೂ ಹೋಗಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಚೆನ್ನ. ಧ್ವಜಾರೋಹಣದ ಸಮಯ, ಬ್ಯಾನರಿನ ಮೇಲೆ ಬರೆಸಬೇಕಾದ ಹೆಸರು ಆ ವರ್ಷದ ಸುತ್ತೋಲೆಯಲ್ಲಿ ಇದ್ದಂತೆ ಇರಲಿ. 'ವಿಮೋಚನಾ ದಿನ' ಎಂದು ಕರೆಯುತ್ತಿದ್ದುದು 2019ರಿಂದ 'ಕಲ್ಯಾಣ ಕರ್ನಾಟಕ ಉತ್ಸವ' ಆಗಿದೆ.

ಮುಖ್ಯ ಅತಿಥಿಗಾಗಿ ದೂರ ಹುಡುಕಬೇಡಿ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಊರಲ್ಲಿ ಅಂಥ ಅಜ್ಜನೋ ಅಜ್ಜಿಯೋ ಇದ್ದರೆ ಈ ವರ್ಷವೇ ಕರೆಸಿ, ಒಬ್ಬರು ಹಿಂದೂ ಮನೆಯವರು, ಒಬ್ಬರು ಮುಸ್ಲಿಂ ಮನೆಯವರು ಆದರೆ ಇನ್ನೂ ಒಳ್ಳೆಯದು. ನೆರಳಲ್ಲಿ ಕುರ್ಚಿ ಹಾಕಿ, ಮೈಕ್ ಅವರ ಬಾಯಿಗೆ ನೀವೇ ಹಿಡಿಯಿರಿ. 'ಸ್ವಾತಂತ್ರ್ಯ ಹೋರಾಟದ ಬಗ್ಗೆ ಹೇಳಿ' ಅಂದರೆ ಅವರು ಸುಮ್ಮನಾಗುತ್ತಾರೆ. 'ಯಜ್ಜಾ, ರಜಾಕಾರರ ಟೈಮಿನಾಗ ನಿಮ್ಮ ಮನ್ಯಾಗ ಜ್ವಾಳ ಎಲ್ಲಿ ಮುಚ್ಚಿಡ್ತಿದ್ರಿ, ಸಾಲಿಯಾಗ ಉರ್ದು ಕಲಿಸ್ತಿದ್ರೇನು, ನಿಜಾಮನ ರೊಕ್ಕ ಹೆಂಗಿತ್ತು' ಎಂದು ಕೇಳಿ, ಮಾತು ಬರುತ್ತದೆ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಊರು ಮತ್ತು ತಾರೀಖು ಬರೆದು ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿ. ಮನೆಯಲ್ಲಿ ಉರ್ದುವಿನಲ್ಲಿ ಬರೆದ ಹಳೇ ಜಮೀನಿನ ಕಾಗದ ಇದ್ದರೆ ತರಹೇಳಿ, ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ, ಅಂದೇ ಸಂಜೆಯೊಳಗೆ ವಾಪಸ್ ಮುಟ್ಟಿಸಿ.