ಬೆಳೆ ಸ್ಥಿತಿ ಕುಸಿದರೆ ಬೆಲೆ ಏರುತ್ತದಾ?

ಪ್ರಶ್ನೆ: ಅಮೆರಿಕದಲ್ಲಿ ಮೆಕ್ಕೆಜೋಳದ ಬೆಳೆ ಸ್ಥಿತಿ ಈ ವಾರ ಮತ್ತೆ ಕುಸಿದಿದೆ. ಇನ್ನು ಬೆಲೆ ಏರುವುದು ಖಚಿತ ಅಲ್ವಾ?

ಸೆಪ್ಟೆಂಬರ್ ಬಂದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಈ ಸಲ ಉದ್ದವಾಗಿಯೇ ಉತ್ತರಿಸುತ್ತೇನೆ.

ಅಮೆರಿಕದ ಕೃಷಿ ಇಲಾಖೆ ಸೋಮವಾರ ಕೊಡುವ ಆ ಅಂಕಿಯನ್ನು ಯಾರೂ ತೂಗಿ ಅಳೆದಿರುವುದಿಲ್ಲ. ಹೊಲ ಕಂಡವರು ಐದು ದರ್ಜೆಗಳಲ್ಲಿ ಹೇಳುವ ಅಭಿಪ್ರಾಯ ಅದು. ಮೇಲಿನ ಎರಡು ದರ್ಜೆಗಳ ಮೊತ್ತ ಸುದ್ದಿಯಾಗುತ್ತದೆ. ಜುಲೈನಲ್ಲಿ ತೆನೆ ಕಟ್ಟುವಾಗ ಅದನ್ನು ಗಮನವಿಟ್ಟು ನೋಡಬೇಕು. ಆದರೆ ಕಾಳಿನ ಬುಡದಲ್ಲಿ ಕಪ್ಪು ಪದರ ಮೂಡಿತೆಂದರೆ ತೂಕ ಸೇರುವುದು ನಿಂತಂತೆ. ಆಗಲೂ ಕಾಳಿನಲ್ಲಿ ಶೇ 30-35ರಷ್ಟು ತೇವಾಂಶ ಇರುತ್ತದೆ. ಆಮೇಲೆ ಎಲೆ ಒಣಗುವುದು ಸಹಜ, ಬೆಳೆ ಮಾಗುತ್ತಿದೆ ಅಷ್ಟೇ. ಸೋಯಾದ ಲೆಕ್ಕ ಬೇರೆ. ತಡವಾಗಿ ಬಿತ್ತಿದ ಸೋಯಾದಲ್ಲಿ ಸೆಪ್ಟೆಂಬರ್ ಆರಂಭದಲ್ಲೂ ಕಾಯಿ ತುಂಬುತ್ತಿರುತ್ತದೆ. ಆಗ ಮಳೆ ಕೈಕೊಟ್ಟರೆ ನನಗೂ ಚಿಂತೆಯಾಗುತ್ತದೆ.

ಈಗ ಬೆಲೆ. 2019ರಲ್ಲಿ ವಿಪರೀತ ಮಳೆಯಿಂದ ಬಿತ್ತನೆ ತಡವಾಯಿತು, ಬೆಳೆ ಸ್ಥಿತಿಯೂ ಕಳಪೆಯಾಗಿತ್ತು. ಏರಿಕೆ ಗ್ಯಾರಂಟಿ ಎಂದವರು ಬಹಳ ಜನ. ಕೃಷಿ ಇಲಾಖೆಯ ಆಗಸ್ಟ್ 12ರ ವರದಿಯಲ್ಲಿ ಬಿತ್ತನೆ ಪ್ರದೇಶವೂ ಇಳುವರಿಯೂ ವರ್ತಕರ ಅಂದಾಜಿಗಿಂತ ಜಾಸ್ತಿ ಬಂತು. ಮುಂದೆ ಕೊಡುವ ಮಾಲಿಗೆ ಈಗಲೇ ಬೆಲೆ ಕುದುರಿಸುವ ಶಿಕಾಗೊ ವಾಯಿದಾ ಮಾರುಕಟ್ಟೆಯಲ್ಲಿ ಮೆಕ್ಕೆಜೋಳ ಒಂದೇ ದಿನ ಬುಶೆಲ್‌ಗೆ (ಸುಮಾರು 25 ಕಿಲೋ) 25 ಸೆಂಟ್ ಬಿತ್ತು. ಅದಕ್ಕಿಂತ ಹೆಚ್ಚು ಬೀಳಲು ಅಂದಿನ ನಿಯಮವೇ ಬಿಡುತ್ತಿರಲಿಲ್ಲ. 2012ರ ಭೀಕರ ಬರದಲ್ಲಿ ಬೆಲೆ ಆಗಸ್ಟ್‌ನಲ್ಲೇ 8 ಡಾಲರ್ ದಾಟಿ ದಾಖಲೆ ಮಾಡಿತು. ಕೊಯ್ಲು ಮುಗಿಯುವವರೆಗೆ ಕಾದವರಿಗೆ ಅಷ್ಟು ಸಿಗಲಿಲ್ಲ. ಕೆಟ್ಟ ಸುದ್ದಿ ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಮಾರುಕಟ್ಟೆ ಅದನ್ನು ಬೆಲೆಗೆ ಸೇರಿಸಿಕೊಂಡಿರುತ್ತದೆ.

ಕೊಯ್ಲಿನ ಹೊತ್ತಿಗೆ ಬೆಲೆ ಬಿದ್ದೇ ಬೀಳುತ್ತದೆ ಎನ್ನುವವರಿಗೆ 2020 ನೆನಪಿಸುತ್ತೇನೆ. ಆಗಸ್ಟ್ ಆರಂಭದಲ್ಲಿ 3 ಡಾಲರ್ ಆಸುಪಾಸಿನಲ್ಲಿದ್ದ ಮೆಕ್ಕೆಜೋಳ ವರ್ಷದ ಕೊನೆಗೆ 4.80 ದಾಟಿತ್ತು. ಅಮೆರಿಕದ ಅಯೋವಾ ರಾಜ್ಯದಲ್ಲಿ ಬಿರುಗಾಳಿ ಬೆಳೆ ಮಲಗಿಸಿತ್ತು, ಒಣಹವೆಯೂ ಇತ್ತು. ಜೊತೆಗೆ ಚೀನಾ ಭಾರಿ ಖರೀದಿಗೆ ಇಳಿಯಿತು.

ಹಾಗಾಗಿ ಎಲೆಯ ಬಣ್ಣ ಬಿಟ್ಟು ಹಳೆ ದಾಸ್ತಾನು ಎಷ್ಟಿದೆ, ರಫ್ತು ಹೇಗೆ ಸಾಗಿದೆ, ಬ್ರೆಜಿಲ್‌ನಲ್ಲಿ ಸೋಯಾ ಬಿತ್ತನೆಗೆ ಮಳೆ ಬಂತಾ ಎಂದು ನೋಡಿ. ನಾನು ಎಚ್ಚರದ ಪೈಕಿ. ಸಾಲ ತೀರಿಸುವಷ್ಟನ್ನು ಕೊಯ್ಲಿನಲ್ಲೇ ಮಾರಿ, ಉಳಿದದ್ದನ್ನು ಕಂತುಕಂತಾಗಿ ಮಾರಿ ಎನ್ನುತ್ತೇನೆ. ಬಡ್ಡಿ ಕಟ್ಟುತ್ತಾ ಪೂರ್ತಿ ಬೆಳೆ ಇಟ್ಟುಕೊಂಡು ಕೂರುವುದು ಜೂಜು.

ಪ್ರಶ್ನೆ: 'ಬೆಲೆ ಡಬಲ್ ಆಗುತ್ತೆ' ಎಂದು ದುಡ್ಡು ಪಡೆದು ಟಿಪ್ಸ್ ಕೊಡುವವರನ್ನು ನಂಬಬಹುದಾ?

ಬೇಡ. ನಷ್ಟವಾದ ದಿನ ಅವರು ಫೋನ್ ಎತ್ತುವುದಿಲ್ಲ.

ಪ್ರಶ್ನೆ: ಕೊಯ್ಲಿಗೆ ಮುಂಚೆ ಸಿಂಪಡಿಸಿದರೆ ಕಾಳಿನ ತೂಕ ಹೆಚ್ಚಿಸುವ ಟಾನಿಕ್ ಇದೆಯಂತೆ?

ಕಪ್ಪು ಪದರ ಮೂಡಿದ ಮೇಲೆ ಗಿಡದಿಂದ ಕಾಳಿಗೆ ಹೋಗುವ ದಾರಿಯೇ ಮುಚ್ಚಿರುತ್ತದೆ. ಅಂಥದ್ದನ್ನು ಮಾರುವವರು ಮೋಸಗಾರರು.

ಪ್ರಶ್ನೆ: ಸೋಯಾ ಚೆನ್ನಾಗಿ ಒಣಗಿದಷ್ಟೂ ಲಾಭ ಅಲ್ವಾ?

ಅಮೆರಿಕದಲ್ಲಿ ಸೋಯಾ ಖರೀದಿಯ ಲೆಕ್ಕ ಶೇ 13 ತೇವಾಂಶದ ಮೇಲೆ. ಶೇ 9ಕ್ಕೆ ಇಳಿಸಿದರೆ 100 ಕಿಲೋ ಸುಮಾರು 95.6 ಕಿಲೋ ಆಗುತ್ತದೆ. ಜಾಸ್ತಿ ಒಣಗಿಸಿದ್ದಕ್ಕೆ ಸಾಮಾನ್ಯವಾಗಿ ಹೆಚ್ಚಿನ ದರ ಕೊಡುವುದಿಲ್ಲ. ಹೊಲದಲ್ಲೇ ಬಿಟ್ಟರೆ ಕಾಯಿ ಸಿಡಿದು ಇನ್ನಷ್ಟು ಹೋಗುತ್ತದೆ. ಶೇ 13ರ ಹತ್ತಿರ ಬಂದ ಕೂಡಲೇ ಕೊಯ್ಯಿರಿ.