ಕಾನೂನು ಅಡ್ಡ ಬರದಿದ್ದರೂ ಮನುಷ್ಯರ ಕ್ಲೋನ್ ಸುಲಭ ಇಲ್ಲ

ಕ್ಲೋನ್ ಮಾಡಿ, ಅಂದರೆ ಒಂದು ಪ್ರಾಣಿಯ ಜೀವಕೋಶದಿಂದ ಅದರದೇ ಪ್ರತಿಯನ್ನು ಮಾಡಿ, ಹುಟ್ಟಿಸಿದ ಡಾಲಿ ಕುರಿ ಬಂದು ಇಷ್ಟು ವರ್ಷ ಆದರೂ ಮನುಷ್ಯರ ಕ್ಲೋನ್ ಯಾಕೆ ಆಗಿಲ್ಲ, ಬರೀ ಕಾನೂನಿನ ಭಯಕ್ಕಾ ಅಂತ ಕೇಳಿದ್ದೀರಿ. ಕಾನೂನೂ ಒಂದು ಕಾರಣ, ನಮ್ಮಲ್ಲೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಬೇಡ ಅಂತಲೇ ಹೇಳುತ್ತದೆ. ಆದರೆ ಅದೊಂದೇ ಅಲ್ಲ.

ಡಾಲಿ ಲೆಕ್ಕವನ್ನೇ ನೋಡಿ. 1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯವರು ಕುರಿಯ ಕೆಚ್ಚಲಿನ ಜೀವಕೋಶಗಳನ್ನು, ನ್ಯೂಕ್ಲಿಯಸ್ (ವಂಶವಾಹಿಗಳಿರುವ ಕೋಶದ ಕೇಂದ್ರ) ತೆಗೆದ ಅಂಡಾಣುಗಳ ಜೊತೆ ಕರೆಂಟ್ ಹಾಯಿಸಿ ಬೆಸೆದರು. ಬೆಸೆದದ್ದು 277. ಭ್ರೂಣವಾಗಿದ್ದು 29. ಹುಟ್ಟಿದ್ದು ಒಂದೇ ಮರಿ! 2018ರಲ್ಲಿ ಚೀನಾದವರು ಕ್ಲೋನ್ ಮಾಡಿದ ಎರಡು ಕೋತಿಮರಿ ತೋರಿಸಿದರಲ್ಲ, ಅಲ್ಲೂ 79 ಭ್ರೂಣಗಳನ್ನು 21 ತಾಯಿ ಕೋತಿಗಳಿಗೆ ಇಟ್ಟ ಮೇಲೆ ಸಿಕ್ಕಿದ್ದು ಆ ಎರಡೇ. ಅವೂ ಭ್ರೂಣದ ಜೀವಕೋಶದಿಂದ ಬಂದವು. ಬೆಳೆದ ಕೋತಿಯ ಜೀವಕೋಶದಿಂದ ಹುಟ್ಟಿದವು ಬೇಗ ಸತ್ತವು.

ಈಗ ಆ ಕೋತಿಗಳ ಜಾಗದಲ್ಲಿ ಹೆಂಗಸರನ್ನು ಇಟ್ಟು ಯೋಚಿಸಿ: ಅಂಡಾಣುವಿಗಾಗಿ ಹಾರ್ಮೋನ್ ಇಂಜೆಕ್ಷನ್ ತಗೊಳ್ಳೋರು ಯಾರು, ಪದೇ ಪದೇ ಗರ್ಭಪಾತ ಅನುಭವಿಸೋರು ಯಾರು, ಮಗು ಕಾಯಿಲೆಯಿಂದ ಹುಟ್ಟಿದರೆ ಯಾರು ಹೊಣೆ? ಮನುಷ್ಯರ ಭ್ರೂಣವನ್ನೇ ಕ್ಲೋನ್ ಮಾಡಿ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶ) ತೆಗೆದೆ ಅಂದಿದ್ದ ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ ಸುಕ್ ಪ್ರಯೋಗಕ್ಕೆ ಅವರದೇ ಲ್ಯಾಬಿನ ಹುಡುಗಿಯರು ಅಂಡಾಣು ಕೊಟ್ಟಿದ್ದರು. ಕೊನೆಗೆ ಹ್ವಾಂಗ್ ಅವರ ಫಲಿತಾಂಶವೇ ಸುಳ್ಳು ಅಂತ ಗೊತ್ತಾಗಿ 2006ರಲ್ಲಿ ಪ್ರಬಂಧಗಳು ವಾಪಸಾದವು.

ದೇವರ ಕೆಲಸಕ್ಕೆ ಕೈ ಹಾಕಬಾರದು ಅನ್ನೋ ವಾದದ ತನಕ ಹೋಗೋದೇ ಬೇಡ, ನನಗೆ ಇಷ್ಟೇ ಸಾಕು. ಅಷ್ಟಕ್ಕೂ ಕ್ಲೋನ್ ಅಂದ್ರೆ ತಡವಾಗಿ ಹುಟ್ಟಿದ ಅವಳಿ ಅಷ್ಟೇ, ತೀರಿಹೋದವರು ವಾಪಸ್ ಬರಲ್ಲ. ಇನ್ನು ಚಿಕಿತ್ಸೆಗೆ ಬೇಕಾದ ಕಾಂಡಕೋಶ ವಿಷಯಕ್ಕೆ ಬಂದರೆ, 2007ರಲ್ಲೇ ಜಪಾನಿನ ವಿಜ್ಞಾನಿ ಯಮನಾಕ ಮನುಷ್ಯರ ಚರ್ಮದ ಕೋಶದಿಂದಲೇ ಅಂಥವನ್ನು ಮಾಡಿ ತೋರಿಸಿದರು. ಅದಕ್ಕೆ ಅಂಡಾಣುವೂ ಬೇಡ, ಭ್ರೂಣವೂ ಬೇಡ, ಹಾಗಾಗಿ ಜಾಸ್ತಿ ಲ್ಯಾಬುಗಳು ಆ ಕಡೆ ಹೊರಟವು.